ಕಾರು ಬಿಸಿ ಮಾಡಲು ಹೋದ ವೆಂಡೆಲ್

ವೆಂಡೆಲ್ ಕೊಟಾಸ್ ಯಾವುದರ ಕೊನೆಯನ್ನೂ ನೋಡಿದವನಲ್ಲ. ಬೇಸ್‌ಬಾಲ್ ಪಂದ್ಯದಲ್ಲಿ ಒಂಬತ್ತು ಇನಿಂಗ್ಸಿನಲ್ಲಿ ಏಳನೆಯದು ಮುಗಿಯುತ್ತಿದ್ದಂತೆ ಎದ್ದುಬಿಡುತ್ತಾನೆ. ಚರ್ಚಿನಲ್ಲಿ ಪಾದ್ರಿ ಕೊನೆಯ ಆಶೀರ್ವಾದಕ್ಕೆ ಕೈ ಎತ್ತುವ ಹೊತ್ತಿಗೆ ಇವನ ಕೈ ಬಾಗಿಲ ಹಿಡಿಯ ಮೇಲಿರುತ್ತದೆ. ಅರ್ಧ ಆಶೀರ್ವಾದದಲ್ಲೇ ಐವತ್ತೇಳು ವರ್ಷ ಗಟ್ಟಿಮುಟ್ಟಾಗಿ ಬಂದಿದ್ದಾನೆ. ಮಗಳ ಪದವಿ ಸಮಾರಂಭದಲ್ಲಿ ಕೊಟಾಸ್ ಎಂಬ ಹೆಸರು ಕೂಗಿದ ಮರುಕ್ಷಣ ಕುರ್ಚಿ ಖಾಲಿ. ವರ್ಣಮಾಲೆಯಲ್ಲಿ ಅವಳ ನಂತರ ಬರುವ ಮಕ್ಕಳು ಯಾರೂ ವೆಂಡೆಲ್‌ನ ಪಾಲಿಗೆ ಇವತ್ತಿಗೂ ಪಾಸಾಗಿಲ್ಲ. ಮಾವನ ಅಂತ್ಯಕ್ರಿಯೆಯಲ್ಲಿ ಗುಂಡಿಗಿಳಿಸುತ್ತಿದ್ದ ಶವಪೆಟ್ಟಿಗೆ ಇನ್ನೂ ಹಗ್ಗದ ಮೇಲಿತ್ತು, ಅಳಿಯ ಆಗಲೇ ಗೇಟಿನಲ್ಲಿದ್ದ. ಆಮೇಲಿನ ಊಟದ ಹೋಟೆಲಿಗೆ ಮೊದಲು ತಲುಪಿದ ಕಾರು ಅವನದೇ.

“ಎಲ್ಲಿಗೋ ಹೊರಟೆ?” ಎಂದು ಕೇಳಿದರೆ ಒಂದೇ ಉತ್ತರ: “ಕಾರು ಬಿಸಿ ಮಾಡ್ತೀನಿ.”

ಹಿಮ ಬೀಳುವ ನಮ್ಮ ಮಿಲ್ವಾಕಿಯಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಜನವರಿಯಲ್ಲಿ ಹೆಂಡತಿಯನ್ನು ತಣ್ಣನೆಯ ಸೀಟಿನ ಮೇಲೆ ಕೂರಿಸುವ ಗಂಡಸನ್ನು ಅವನ ತಾಯಿಯೂ ಕ್ಷಮಿಸುವುದಿಲ್ಲ. ಹಾಗಾಗಿ ಹತ್ತು ನಿಮಿಷ ಮುಂಚೆ ಹೊರಗೆ ಹೋಗಿ ಎಂಜಿನ್ ಶುರು ಮಾಡುವುದು, ಗಾಜಿನ ಮೇಲಿನ ಮಂಜು ಕೆರೆಯುವುದು, ಇವೆಲ್ಲ ಇಲ್ಲಿ ಪ್ರೀತಿಯ ಲೆಕ್ಕಕ್ಕೇ ಬರುತ್ತವೆ. ವೆಂಡೆಲ್ ಇದನ್ನು ಜುಲೈನಲ್ಲೂ ಮಾಡುತ್ತಿದ್ದ. ಆಗ ಅದಕ್ಕೆ ಕಾರು ತಂಪು ಮಾಡುವುದು ಎಂದು ಹೆಸರು.

ಅಸಲು ಕಾರಣ ಟ್ರಾಫಿಕ್. ಎಲ್ಲರಿಗಿಂತ ಮೊದಲು ಹೊರಬಿದ್ದರೆ ನಾಲ್ಕು ನಿಮಿಷ ಉಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಹೀಗೆ ಮೂವತ್ತು ವರ್ಷ ಉಳಿಸಿದ ನಿಮಿಷಗಳನ್ನು ಅವನು ಏನು ಮಾಡಿದ ಎಂದು ಯಾರೂ ಕೇಳಬಾರದು. ಟಿವಿ ಮುಂದೆ ಕೂತಿದ್ದ, ಅಷ್ಟೆ.

ನಾನು ಅವನ ಜೊತೆ ನಗರದ ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಬದಲಾಯಿಸುತ್ತ ಮುದುಕನಾದವನು. ಅದಕ್ಕೂ ಮೊದಲು ಹೈಸ್ಕೂಲಿನಿಂದ ಬಲ್ಲವನು. ಆದ್ದರಿಂದ ಒಂದು ವಿಷಯವನ್ನು ಅಧಿಕಾರವಾಣಿಯಿಂದ ಹೇಳಬಲ್ಲೆ: ಇವನು ಹುಟ್ಟಿದಾಗ ಹೀಗಿರಲಿಲ್ಲ.

ಎಂಬತ್ತರ ದಶಕದಲ್ಲಿ ವೆಂಡೆಲ್ ಕೊಟಾಸ್ ಎಂದರೆ ಈ ಊರಿನ ಬ್ಯಾಂಡುಗಳಿಗೆಲ್ಲ ಗೊತ್ತಿದ್ದ ಮುಖ. ಬಾರುಗಳ ಹಿಂದಿನ ಕೋಣೆ, ಚರ್ಚಿನ ನೆಲಮಾಳಿಗೆ, ಬೌಲಿಂಗ್ ಆಡುವ ಜಾಗ, ಎಲ್ಲಿ ಯಾರು ಗಿಟಾರ್ ಕೆರೆದರೂ ಇವನು ಮೊದಲ ಸಾಲಿನಲ್ಲಿ. ಆರು ವರ್ಷದಲ್ಲಿ ನೂರ ಅರವತ್ತಮೂರು ಶೋ. ಆ ಸಮರಗಳಲ್ಲಿ ಎರಡು ಅಂಗಿ, ಒಂದು ಕನ್ನಡಕ, ಎಡಗಾಲಿನ ಒಂದು ಬೂಟು ಮತ್ತು ಎಡಗಿವಿಯ ಸ್ವಲ್ಪ ಭಾಗ ವೀರಸ್ವರ್ಗ ಸೇರಿದವು. ಆಟ ಮುಗಿದು ದೀಪ ಹತ್ತಿದ ಮೇಲೂ ಇವನು ಕದಲುತ್ತಿರಲಿಲ್ಲ. ಕಸ ಗುಡಿಸುವವನ ಪೊರಕೆ ಪಾದಕ್ಕೆ ತಾಗಿದ ಮೇಲೇ ನಮ್ಮ ನಾಯಕ ರಣರಂಗ ಬಿಡುತ್ತಿದ್ದುದು.

ತೊಂಬತ್ತೆರಡರಲ್ಲಿ ಅನರ್ಥವಾಯಿತು. ನಾವಿಬ್ಬರೂ ಒಂದು ದೊಡ್ಡ ಸ್ಟೇಡಿಯಂ ಶೋ ನೋಡಿ ಹೊರಬಂದೆವು. ಪಾರ್ಕಿಂಗ್ ಜಾಗದಿಂದ ರಸ್ತೆಗೆ ಬರಲು ಎರಡೂವರೆ ಗಂಟೆ ಹಿಡಿಯಿತು. ಇಬ್ಬರೂ ತಲಾ ನಾಲ್ಕು ಬಿಯರ್ ಕುಡಿದಿದ್ದೆವು. ಆ ಎರಡೂವರೆ ಗಂಟೆಯಲ್ಲಿ ಕಾರಿನೊಳಗೆ ಏನಾಯಿತು ಎಂಬುದನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಸೀಟಿನ ಕವರ್ ಬದಲಾಯಿಸಬೇಕಾಯಿತು ಎಂದಷ್ಟೇ ಹೇಳಬಹುದು. ಆ ದಿನ ವೆಂಡೆಲ್ ಸ್ಟೀರಿಂಗ್ ಮುಟ್ಟಿ ಘೋರ ಪ್ರತಿಜ್ಞೆ ಮಾಡಿದ: ಇನ್ನು ಮೇಲೆ ಯಾವ ಜನಜಂಗುಳಿಯೂ ತನಗಿಂತ ಮೊದಲು ಹೊರಗೆ ಹೋಗಕೂಡದು.

ಮೊದಮೊದಲು ಕೊನೆಯ ಹಾಡು ಬಿಟ್ಟು ಬರುತ್ತಿದ್ದ. ಆಮೇಲೆ ಕೊನೆಯ ಮೂರು. ಆಮೇಲೆ ಅರ್ಧ ಶೋಗೆ ಯಾಕೆ ಹೋಗಬೇಕು ಎಂದು ಹೋಗುವುದನ್ನೇ ಬಿಟ್ಟ. ಕೇಳಿದವರಿಗೆ ಮೊಣಕಾಲಿನ ಕಥೆ ಹೇಳುತ್ತಿದ್ದ, ಬಿಯರಿನ ಬೆಲೆ ಹೇಳುತ್ತಿದ್ದ, ಎಲ್ಲರೂ ಫೋನ್ ಎತ್ತಿ ಹಿಡಿದಿರುತ್ತಾರೆ ಎನ್ನುತ್ತಿದ್ದ. ಒತ್ತಾಯ ಮಾಡಿದರೆ ಒಳ್ಳೆಯ ಸಂಗೀತ ತೊಂಬತ್ತಮೂರರ ಮೇ ತಿಂಗಳಲ್ಲಿ ಸತ್ತುಹೋಯಿತು ಎಂದು, ತಾನೇ ಹೆಗಲು ಕೊಟ್ಟವನಂತೆ ಹೇಳುತ್ತಿದ್ದ.

ಸಂಗೀತಕ್ಕೆ ಮರಣ ಪ್ರಮಾಣಪತ್ರ ಬರೆದು ಮೂವತ್ತು ವರ್ಷವಾದ ಮೇಲೆ ಅದು ಅವನ ಮನೆಯ ನೆಲಮಾಳಿಗೆಯಲ್ಲೇ ಎದ್ದು ಕೂತಿತು.

ಅವನ ಹೆಂಡತಿ ಲೊರೇನ್ ಸಿಟಿ ಬಸ್ ಡಿಪೋದಲ್ಲಿ ರೇಡಿಯೋ ಮುಂದೆ ಕೂತು ಡ್ರೈವರುಗಳಿಗೆ ದಾರಿ ಹೇಳುವವಳು. ಎರಡು ವರ್ಷದ ಹಿಂದೆ ಯಾರೋ ಮಾರುತ್ತಿದ್ದ ಮಂದ್ರಸ್ವರದ ಹಳೆಯ ಬೇಸ್ ಗಿಟಾರ್ ಒಂದನ್ನು ತಂದಳು. ಡಿಪೋದ ಇನ್ನೂ ಮೂವರು ಹೆಂಗಸರು ಸೇರಿಕೊಂಡರು. ಬ್ಯಾಂಡಿನ ಹೆಸರು ‘ಸೆಕೆಂಡ್ ಶಿಫ್ಟ್’. ಪ್ರತಿ ಮಂಗಳವಾರ ನೆಲಮಾಳಿಗೆಯಲ್ಲಿ ಅಭ್ಯಾಸ. ಮೇಲೆ ವೆಂಡೆಲ್ ಟಿವಿಯ ಶಬ್ದ ಹೆಚ್ಚಿಸಿಕೊಂಡು ಕೂರುತ್ತಿದ್ದ. ಒಂದು ಸಲವೂ ಹದಿಮೂರು ಮೆಟ್ಟಿಲು ಇಳಿದು ನೋಡಲಿಲ್ಲ.

“ಕೆಳಗೆ ಬಂದು ಕೇಳಬಾರ್ದಾ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಕೇಳ್ತಾನೇ ಇದೀನಲ್ಲ! ಕಾಲಿನ ಕೆಳಗಿಂದ ಬರುತ್ತೆ,” ಎಂದಿದ್ದ ಮಹಾನುಭಾವ.

ಹೋದ ಫೆಬ್ರವರಿಯ ಒಂದು ಶುಕ್ರವಾರ ನಾವು ಮೂವರೂ ಎಂದಿನಂತೆ ಬಾರಿನಲ್ಲಿ ಕರಿದ ಮೀನು ತಿನ್ನುತ್ತಿದ್ದಾಗ ಲೊರೇನ್ ಫೋರ್ಕ್ ಕೆಳಗಿಟ್ಟಳು.

“ಭಾನುವಾರ ಮೂರು ಗಂಟೆಗೆ ನಮ್ದು ಶೋ ಇದೆ.”

“ಎಲ್ಲಿ, ನಮ್ಮನೆ ಕೆಳಗಡೇನಾ?” ಎಂದ ವೆಂಡೆಲ್.

“ಲುಬಿನ್ ಹಾಲ್‌ನಲ್ಲಿ. ಮೂರು ಬ್ಯಾಂಡಿದೆ, ನಾವು ಎರಡನೇದು.”

“ಲುಬಿನ್ ಹಾಲಾ! ಅಲ್ಲಿ ದುಡ್ಡು ಕೊಟ್ಟು ಬರ್ತಾರೆ ಕಣೇ ಜನ.”

“ಹೂಂ. ನಿನ್ ಹತ್ರಾನೂ ಇಸ್ಕೋತಾರೆ.”

ನಾನು ನಕ್ಕೆ. ಲೊರೇನ್ ನಗಲಿಲ್ಲ.

“ನೋಡು ವೆಂಡೆಲ್, ನಮ್ದು ಒಟ್ಟು ಐದು ಹಾಡು. ಐದನೇದು ನಾನೇ ಬರ್ದಿದ್ದು, ನಾನೇ ಹಾಡೋದು. ಅದಕ್ಕೆ ನೀನು ಇರ್ಬೇಕು. ಇರಕ್ಕಾಗಲ್ಲ ಅಂದ್ರೆ ಈಗ್ಲೇ ಹೇಳು, ಬರ್ಲೇಬೇಡ. ಬಂದು ಮಧ್ಯದಲ್ಲಿ ಎದ್ದೋದ್ಯೋ, ಇನ್ಮೇಲೆ ನಿನ್ನನ್ನ ಯಾವ್ದಕ್ಕೂ ಕರಿಯಲ್ಲ.”

ಇಷ್ಟನ್ನೂ ಅವಳು ಬಹಳ ಮೆಲ್ಲಗೆ ಹೇಳಿದಳು. ಮೂವತ್ತು ವರ್ಷ ಬಸ್ಸುಗಳನ್ನು ಗದರಿಸಿದ ಹೆಂಗಸು ಮೆಲ್ಲಗೆ ಮಾತಾಡಿದರೆ ಎದುರಿಗಿದ್ದವನ ಬಾಯಲ್ಲಿ ಮೀನು ನಿಂತುಬಿಡುತ್ತದೆ.

“ಇರ್ತೀನಿ,” ಎಂದ ವೆಂಡೆಲ್.

“ಕೊನೆ ತನಕ?”

“ಕೊನೆ ತನಕ ಕಣೇ. ಗ್ಲೆನ್ ಸಾಕ್ಷಿ,” ಎಂದು ನನ್ನನ್ನು ತೋರಿಸಿದ. ನಾನು ಸಾಕ್ಷಿಯಾದ ಮೇಲೆ ಇದನ್ನು ಬರೆಯುವುದು ಕರ್ತವ್ಯವೇ ಆಯಿತು.

ಭಾನುವಾರ ದಂಡಯಾತ್ರೆಗೆ ಹೊರಟ ವೀರನ ವೇಷಭೂಷಣ ಹೀಗಿತ್ತು: ಮೊಣಕಾಲಿಗೆ ಪಟ್ಟಿ, ಎರಡು ಪದರ ಉಣ್ಣೆಯ ಒಳಚಡ್ಡಿ, ಕಿವಿಗೆ ಹಳದಿ ಬಿರಡೆ, ಕೈಗೆ ಮೊಣಕೈವರೆಗಿನ ಕೈಗವಸು, ಬಗಲಲ್ಲಿ ಬಕೆಟ್. ಹೌದು, ಬಕೆಟ್. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯುವಾಗ ಬೋರಲು ಹಾಕಿಕೊಂಡು ಕೂರುವ ಬಿಳಿ ಪ್ಲಾಸ್ಟಿಕ್ ಬಕೆಟ್. ಮೇಲೆ ಮೆತ್ತೆ ಅಂಟಿಸಿತ್ತು.

“ಇದ್ಯಾಕೋ?” ಎಂದೆ.

“ಅಲ್ಲಿ ಕುರ್ಚಿ ಇರಲ್ಲ ಗ್ಲೆನ್. ಎರಡು ಗಂಟೆ ನಿಂತ್ರೆ ಮಂಡಿ ಹೋಗುತ್ತೆ. ಲೊರೇನ್‌ಗೆ ಮಾತು ಕೊಟ್ಟಿದೀನಿ, ಮಂಡಿಗೆ ಕೊಟ್ಟಿಲ್ಲ.”

ಲುಬಿನ್ ಹಾಲ್‌ನ ಬಾಗಿಲಲ್ಲಿ ಎತ್ತರದ ಸ್ಟೂಲಿನ ಮೇಲೆ ಮಾರ್ಗೊ ಎಂಬ ಇಪ್ಪತ್ತೈದರ ಹುಡುಗಿ ಕೂತಿದ್ದಳು. ದುಡ್ಡು ತೆಗೆದುಕೊಂಡು ಕೈ ಮೇಲೆ ಬಾತುಕೋಳಿಯ ಮುದ್ರೆ ಒತ್ತುವುದು ಅವಳ ಕೆಲಸ. ಮುದ್ರೆ ಇದ್ದರೆ ಹೊರಗೆ ಹೋಗಿ ಮತ್ತೆ ಬರಬಹುದು, ಇಲ್ಲದಿದ್ದರೆ ಇಲ್ಲ. ವೆಂಡೆಲ್ ಚಕ್ರವರ್ತಿಯಂತೆ ಕೈ ಚಾಚಿದ.

“ಕೈಗವಸು ಬಿಚ್ಚಿ ಸರ್.”

“ಚಳಿ ಕಣಮ್ಮ. ಇದರ ಮೇಲೇ ಒತ್ತಿಬಿಡು.”

“ಇದು ಕೈಗೆ ಒತ್ತೋದು, ಬಟ್ಟೆಗಲ್ಲ.”

“ಒಳಗಿರೋದು ಕೈ ತಾನೆ?”

ಹಿಂದೆ ಇಪ್ಪತ್ತು ಜನ ಚಳಿಯಲ್ಲಿ ಕಾಲು ಕುಟ್ಟುತ್ತಿದ್ದರು. ಮಾರ್ಗೊ ನಿಟ್ಟುಸಿರು ಬಿಟ್ಟು ಬಲಗೈ ಕೈಗವಸಿನ ಮೇಲೆ ಬಾತುಕೋಳಿಯನ್ನು ಕೂರಿಸಿದಳು.

ಮೊದಲ ಬ್ಯಾಂಡು ಮೂವರು ಹುಡುಗರದು. ನಮ್ಮ ಮಹಾಶಯ ವೇದಿಕೆಯ ಎಡಗಡೆ, ಮೊದಲ ಸಾಲಿನಲ್ಲಿ ಬಕೆಟ್ ಬೋರಲು ಹಾಕಿ, ಕೈ ಕಟ್ಟಿ ಕೂತ. ಬಕೆಟಿನಿಂದ ಮೀನಿನ ವಾಸನೆ ಬರುತ್ತಿದ್ದುದರಿಂದ ಸುತ್ತ ಒಳ್ಳೆಯ ಜಾಗ ಬಿಟ್ಟಿದ್ದರು. ಮೊದಲ ಹಾಡಿಗೆ “ಗಿಟಾರಿಗೆ ಶ್ರುತಿ ಇಲ್ಲ” ಎಂದ. ಎರಡನೆಯದಕ್ಕೆ “ಇದನ್ನ ನಾವು ಎಂಬತ್ತೈದರಲ್ಲೇ ಕೇಳಿದ್ವಿ” ಎಂದ. ಮೂರನೆಯದಕ್ಕೆ ನೋಡಿದರೆ ಅವನ ಹಿಮ್ಮಡಿ ಬಕೆಟಿಗೆ ತಾಳ ಹೊಡೆಯುತ್ತಿತ್ತು. ನಾಲ್ಕನೆಯದರಲ್ಲಿ ಒಂದು ಕಿವಿಯ ಬಿರಡೆ ತೆಗೆದು ಜೇಬಿಗೆ ಹಾಕಿದ. ನಾನು ನೋಡುತ್ತಿರುವುದನ್ನು ಕಂಡು, “ತುರಿಕೆ” ಎಂದ.

ಆಮೇಲೆ ಸೆಕೆಂಡ್ ಶಿಫ್ಟ್ ವೇದಿಕೆ ಹತ್ತಿತು. ನಾಲ್ವರೂ ಡಿಪೋದ ನೀಲಿ ಜಾಕೆಟ್ ತೊಟ್ಟಿದ್ದರು. ಲೊರೇನ್ ಕೊರಳಿಗೆ ಗಿಟಾರಿನ ಪಟ್ಟಿ ಹಾಕಿಕೊಂಡು, ಒಂದೇ ತಂತಿಯನ್ನು ಒಂದೇ ಸಲ ಮೀಟಿದಳು. ಹಾಲ್‌ನ ಮೂಲೆಯಲ್ಲಿದ್ದ ಬಾರಿನ ಲೋಟಗಳು ಗುನುಗಿದವು. ವೆಂಡೆಲ್ ಎದೆ ಮುಟ್ಟಿ ನೋಡಿಕೊಂಡ. ಎರಡು ವರ್ಷ ಅಂಗಾಲಿಗಷ್ಟೇ ತಲುಪುತ್ತಿದ್ದ ಸದ್ದು ಈಗ ದೊಡ್ಡ ಬಾಗಿಲಿಂದಲೇ ಒಳಗೆ ಬಂದಿತ್ತು.

ಎರಡನೆಯ ಹಾಡಿಗೆ ಅವನು ಬಕೆಟ್ ಬಿಟ್ಟು ಎದ್ದ. ಮೂರನೆಯದಕ್ಕೆ ಉಳಿದ ಬಿರಡೆಯೂ ಹೋಯಿತು. ನಾಲ್ಕನೆಯದಕ್ಕೆ ಐವತ್ತೇಳರ ಮೊಣಕಾಲು ಮಾಡಬಾರದ ಕೆಲಸ ಮಾಡತೊಡಗಿತು. ಅದನ್ನು ಕುಣಿತ ಎನ್ನುವವರು ದಯಾಳುಗಳು. ನನ್ನ ಕಿವಿಯ ಹತ್ತಿರ ಬಂದು ಕಿರುಚಿದ: “ಅವಳು ಇಷ್ಟು ಎತ್ತರ ಇದಾಳಾ ಗ್ಲೆನ್?”

“ವೇದಿಕೆ ಎತ್ತರ ಕಣೋ!”

“ಅಲ್ಲ! ಅವಳೇ!”

ನಾಲ್ಕನೆಯ ಹಾಡು ಮುಗಿಯುವಷ್ಟರಲ್ಲಿ ಟಪ್ ಎಂದು ಸದ್ದಾಗಿ ಎಲ್ಲ ಮೌನವಾಯಿತು. ಬೇಸ್‌ಗೆ ಹಾಕಿದ್ದ ಆಂಪ್ಲಿಫೈಯರಿನ ಫ್ಯೂಸ್ ಹೋಗಿತ್ತು. ನಾಲ್ವರೂ ಅದರ ಹಿಂದೆ ಬಗ್ಗಿ ಟಾರ್ಚ್ ಹಿಡಿದರು. ಯಾರೋ “ಐದು ನಿಮಿಷ!” ಎಂದು ಕೂಗಿದರು.

ಈಗ ನಡೆದದ್ದಕ್ಕೆ ವೆಂಡೆಲ್‌ನ ಮನಸ್ಸನ್ನು ದೂರುವಂತಿಲ್ಲ. ಮನಸ್ಸು ಅಲ್ಲೇ ಇತ್ತು. ಆದರೆ ಅವನ ಕಾಲುಗಳಿಗೆ ಮೂವತ್ತು ವರ್ಷದ ತರಬೇತಿ. ಸಭೆಯಲ್ಲಿ ಒಂದು ಮೌನ ಬಿದ್ದರೆ, ಬಾಗಿಲ ಕಡೆ ಖಾಲಿ ದಾರಿ ಕಂಡರೆ, ಅವು ಯಾರ ಅಪ್ಪಣೆಗೂ ಕಾಯುವುದಿಲ್ಲ.

“ಐದೇ ನಿಮಿಷ ಅಂದ್ರಲ್ಲ,” ಎಂದ. “ಅಷ್ಟರಲ್ಲಿ ಒಂಚೂರು ಕಾರು ಬಿಸಿ ಮಾಡಿ ಬಂದ್ಬಿಡ್ತೀನಿ. ಅವಳಿಗೂ ಬೆಚ್ಚಗಿರುತ್ತೆ.”

“ವೆಂಡೆಲ್, ಬೇಡ.”

“ಬಂದೇ ಕಣೋ! ಜಾಗ ನೋಡ್ಕೋ.”

ಜಾಗಕ್ಕೆ ಗುರುತಾಗಿ ಎರಡೂ ಕೈಗವಸುಗಳನ್ನು ಬಿಚ್ಚಿ ಬಕೆಟಿನ ಮೇಲೆ ಇಟ್ಟ. ನಮ್ಮ ಬೀದಿಯಲ್ಲಿ ಹಿಮ ತೋಡಿ ತೆಗೆದ ಪಾರ್ಕಿಂಗ್ ಜಾಗಕ್ಕೆ ಹಳೆಯ ಕುರ್ಚಿ ಇಟ್ಟು ಹೋದರೆ ಯಾರೂ ಮುಟ್ಟುವುದಿಲ್ಲ. ಆ ಭರವಸೆಯಲ್ಲೇ ಹೋದ. ಬಾತುಕೋಳಿ ಬಕೆಟಿನ ಮೇಲೆ ಸುಖವಾಗಿ ಕೂತಿತ್ತು.

ಹೊರಗೆ ಚಳಿ ಸೊನ್ನೆಗಿಂತ ಕೆಳಗಿತ್ತು. ಎಂಜಿನ್ ಮೂರನೆಯ ಪ್ರಯತ್ನಕ್ಕೆ ಹೊತ್ತಿಕೊಂಡಿತಂತೆ. ಗಾಜು ಕೆರೆದು ಇವನು ಬಾಗಿಲಿಗೆ ಬರುವಷ್ಟರಲ್ಲಿ ಆರೇಳು ನಿಮಿಷ. ಗದ್ದಲ ಕೇಳಿ ನಾನು ಜನರ ನಡುವೆ ನುಗ್ಗಿ ಬಾಗಿಲ ಒಳಬದಿಗೆ ಬಂದೆ.

“ಮುದ್ರೆ ತೋರಿಸಿ,” ಎಂದಳು ಮಾರ್ಗೊ.

ವೆಂಡೆಲ್ ತನ್ನ ಬರಿಗೈಯನ್ನು ನೋಡಿಕೊಂಡ. ತಿರುಗಿಸಿ ನೋಡಿಕೊಂಡ.

“ಒಳಗಿದೆ,” ಎಂದ.

“ಏನು ಒಳಗಿದೆ?”

“ಮುದ್ರೆ. ಕೈಗವಸಿನ ಮೇಲೆ. ಕೈಗವಸು ಬಕೆಟ್ ಮೇಲೆ.”

“ನಾನು ಆಗ್ಲೇ ಹೇಳಿದ್ದೆ ಸರ್.”

“ಒಪ್ಕೊಂಡೆ ಕಣಮ್ಮ, ನೀನೇ ಸರಿ. ಈಗ ಬಿಡು.”

“ಮುದ್ರೆ ಇದ್ರೂ ಬಿಡಕ್ಕಾಗಲ್ಲ. ಒಳಗೆ ನೂರಿಪ್ಪತ್ತೇ ಜನ ಇರ್ಬೇಕು, ಫೈರ್ ಸರ್ವಿಸ್ ರೂಲು. ನೀವು ಹೋದ್ರಿ, ಕಾಯ್ತಿದ್ದವ್ರೊಬ್ರು ಬಂದ್ರು. ಇನ್ನು ಒಬ್ರು ಹೊರಗೆ ಬಂದ್ರೆ ಒಬ್ರು ಒಳಗೆ.”

“ಸ್ಟೇಜ್ ಮೇಲಿರೋದು ನನ್ನ ಹೆಂಡ್ತಿ!”

“ಎಲ್ರೂ ಹಂಗೇ ಹೇಳ್ತಾರೆ.”

“ಎಲ್ರೂ ಲೊರೇನ್ ನನ್ನ ಹೆಂಡ್ತಿ ಅಂತಾರಾ?” ಎಂದು ವೆಂಡೆಲ್ ಗಾಬರಿಯಾದ.

ಆಗ ವೇದಿಕೆಯಿಂದ ಬೇಸ್‌ನ ಸದ್ದು ಬಂತು. ಫ್ಯೂಸ್ ಸರಿಹೋಗಿತ್ತು. “ಇದು ನಮ್ಮ ಕೊನೇ ಹಾಡು,” ಎಂದ ಲೊರೇನಳ ಧ್ವನಿ, ರೇಡಿಯೋದಲ್ಲಿ ಬಸ್ಸಿಗೆ ತಿರುವು ಹೇಳುವಷ್ಟು ಸ್ಪಷ್ಟವಾಗಿ ಬಾಗಿಲವರೆಗೂ ಕೇಳಿಸಿತು. “ನಮ್ಮನೆಯವ್ರಿಗೋಸ್ಕರ ಬರ್ದಿದ್ದು. ಅಲ್ಲೇ ಬಕೆಟ್ ಹತ್ರ ಇದಾರೆ.” ಆ ಕಡೆ ತಿರುಗಿ ನೋಡಿರಬೇಕು. “ಇದ್ರು.”

ವೆಂಡೆಲ್‌ನ ಮುಖ ನೋಡುವ ಹಾಗಿರಲಿಲ್ಲ.

ನೀವು ಕೇಳಬಹುದು: ಒಬ್ಬ ಹೊರಗೆ ಬಂದರೆ ಒಬ್ಬ ಒಳಗೆ ಎಂದಮೇಲೆ, ಹೈಸ್ಕೂಲಿನ ಗೆಳೆಯನಾದ ನೀನು ಹೊರಗೆ ಬರಬಹುದಿತ್ತಲ್ಲ? ಬರಬಹುದಿತ್ತು. ಆ ಯೋಚನೆ ನನಗೂ ಬಂತು. ಆದರೆ ಕೋಟು ಬಕೆಟಿನ ಹತ್ತಿರ ಇತ್ತು, ಹೊರಗಿನ ಚಳಿಗೆ ಕರುಣೆ ಇರಲಿಲ್ಲ, ಮತ್ತು ಸತ್ಯ ಹೇಳಬೇಕೆಂದರೆ ನನಗೆ ಆ ಹಾಡು ಕೇಳಬೇಕಿತ್ತು. ಅದರ ಮೊದಲ ಚರಣ ಪೂರ್ತಿ ಕೇಳಿದೆ. ವೆಂಡೆಲ್‌ಗೆ ಗಾಳಿಯಲ್ಲಿ ಒಂದು ಪದವೂ ದಕ್ಕಲಿಲ್ಲ; ಗೋಡೆಯ ಧಡ್ ಧಡ್ ಅಷ್ಟೇ.

“ಅಮ್ಮಾ ಮಾರ್ಗೊ,” ಎಂದು ಅವನು ಅಂಗಲಾಚಿದ. “ಯಾರಾದ್ರೂ ಒಬ್ರು, ಮುಗಿಯೋಕ್ ಮುಂಚೆ ಎದ್ದು ಬರೋ ಅಂಥವ್ರು ಇರ್ತಾರೆ. ಇದ್ದೇ ಇರ್ತಾರೆ. ಒಳಗೊಂದ್ಸಲ ಕೇಳು.”

“ಕೊನೇ ಹಾಡು ಬಿಟ್ಟು ಯಾವ ಮೂರ್ಖ ಬರ್ತಾನೆ ಸರ್?”

ಅಷ್ಟರಲ್ಲಿ ಜನರ ನಡುವಿನಿಂದ ಟೋಪಿ ಹಾಕಿದ ಒಬ್ಬ ದಪ್ಪ ಮನುಷ್ಯ ಜಾಕೆಟಿನ ಜಿಪ್ ಎಳೆಯುತ್ತ ಬಂದ. ಕೈಯಲ್ಲಿ ಕಾರಿನ ಕೀ ಇತ್ತು.

“ಹೊರಟ್ರಾ?” ಎಂದು ವೆಂಡೆಲ್ ಕೇಳಿದ. ಆ ಧ್ವನಿಯಲ್ಲಿದ್ದ ಭಕ್ತಿಯನ್ನು ನಾನು ಅವನ ಬಾಯಲ್ಲಿ ಚರ್ಚಿನಲ್ಲೂ ಕೇಳಿರಲಿಲ್ಲ.

“ಹೂಂ,” ಎಂದ ದಪ್ಪ ಮನುಷ್ಯ. “ಆಮೇಲೆ ಟ್ರಾಫಿಕ್ ಆಗ್ಬಿಡುತ್ತೆ.”

ಆ ಬೀದಿಯಲ್ಲಿ ಇದ್ದದ್ದೇ ಹಿಮ ಗುಡಿಸುವ ಒಂದು ಲಾರಿ, ಅದೂ ನಿಂತಿತ್ತು. ವೆಂಡೆಲ್ ಆ ಪುಣ್ಯಾತ್ಮನ ಎರಡೂ ಕೈ ಹಿಡಿದು ಕುಲುಕಿದ. “ಹೋಗಿ ಅಣ್ಣ, ಬೇಗ ಹೋಗಿ. ಸಿಕ್ಕಾಪಟ್ಟೆ ಟ್ರಾಫಿಕ್ಕು!” ಎಂದು ಅವನನ್ನು ಹೆಚ್ಚುಕಡಿಮೆ ಹೊರಕ್ಕೆ ಎಳೆದು, ಆ ತೆರಪಿನಲ್ಲಿ ತಾನು ಒಳನುಗ್ಗಿದ. ಮಾರ್ಗೊ ಈ ಸಲ ಅವನ ಬರಿಗೈಗೆ, ಬೇಕಾದ್ದಕ್ಕಿಂತ ಜೋರಾಗಿಯೇ, ಮುದ್ರೆ ಒತ್ತಿದಳು.

ಒಳಗೆ ಎರಡನೆಯ ಚರಣ ಮುಗಿದು ಪಲ್ಲವಿ ಬಂದಿತ್ತು. ಅಷ್ಟು ಹೊತ್ತಿಗೆ ಇಡೀ ಹಾಲಿಗೆ ಅದು ಬಾಯಿಪಾಠ. ಲೊರೇನ್ ತಂತಿ ಮೀಟಿ ಮೈಕಿನಿಂದ ಹಿಂದೆ ಸರಿದಳು, ನೂರಿಪ್ಪತ್ತು ಗಂಟಲು ಒಟ್ಟಿಗೆ ಕೂಗಿದವು:

“ಕಾರು ಬಿಸಿ ಆಯ್ತಾ?”

ವೆಂಡೆಲ್ ಅಲ್ಲೇ ನಿಂತುಬಿಟ್ಟ. ಅವನು ಆಗತಾನೆ ಹೊರಗಿನಿಂದ ಬಂದವನು, ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ಗಾಳಿ. ಊರಿಗೆ ಊರೇ ತನ್ನ ಕಾರಿನ ಬಗ್ಗೆ ಇಷ್ಟು ಕಾಳಜಿಯಿಂದ ವಿಚಾರಿಸುತ್ತಿದೆ ಎಂದು ತಿಳಿದ. ಮುಂದಿನ ಸಾಲಿಗೆ ಮೊದಲು ಡ್ರಮ್ಮು ಒಂದು ಕ್ಷಣ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ, ಒಬ್ಬ ಪ್ರಾಮಾಣಿಕ ಮೀಟರ್ ರಿಪೇರಿಯವನ ಗಟ್ಟಿ ಧ್ವನಿಯಲ್ಲಿ ವರದಿ ಒಪ್ಪಿಸಿದ:

“ಆಗ್ತಾ ಇದೆ! ಇನ್ನೈದು ನಿಮಿಷ!”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಡ್ರಮ್ ಬಾರಿಸುವವಳು ಕೋಲು ಬಿಟ್ಟಳು. ಲೊರೇನ್ ಕಣ್ಣಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆ ನೋಡಿದಳು. ಆಮೇಲೆ ಅವಳು ನಕ್ಕ ರೀತಿಯನ್ನು ಮೈಕು ಇಡೀ ಕೋಣೆಗೆ ಹಂಚಿತು. ಪಲ್ಲವಿಯನ್ನು ಇನ್ನೂ ನಾಲ್ಕು ಸಲ ಹಾಡಿಸಿದಳು. ನಾಲ್ಕು ಸಲವೂ ವೆಂಡೆಲ್ “ಇನ್ನೈದು ನಿಮಿಷ!” ಎಂದು, ಒಂದೊಂದು ಸಲಕ್ಕೆ ಒಂದೊಂದು ಹೆಜ್ಜೆ ಮುಂದೆ ಬರುತ್ತ, ಕೊನೆಗೆ ವೇದಿಕೆಯ ಅಂಚು ಹಿಡಿದು ನಿಂತ. ಮೂರನೆಯ ಬ್ಯಾಂಡಿಗೂ ಅಲ್ಲೇ ನಿಂತ. ಅವರು ಮುಗಿಸಿ ಹೋದ ಮೇಲೆ ಮತ್ತೆ ಬರಲಿ ಎಂದು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದವರಲ್ಲಿ ಅವನೇ ಮೊದಲಿಗ.

ದೀಪ ಹತ್ತಿದ ಮೇಲೆ ಲೊರೇನ್ ವೈರು ಸುತ್ತುತ್ತಿದ್ದಳು. ಇವನು ಹೋಗಿ ಎದುರು ನಿಂತ.

“ಮೊದಲ್ನೇ ಚರಣ ಸಿಗ್ಲಿಲ್ಲ ಕಣೇ,” ಎಂದ, ತಲೆ ತಗ್ಗಿಸಿ. “ಏನಿತ್ತು ಅದ್ರಲ್ಲಿ? ಬೈಗುಳಾನಾ?”

“ಅಲ್ಲ. ಒಳ್ಳೇದು ಇದ್ದಿದ್ದೇ ಅದ್ರಲ್ಲಿ.”

“ಏನಂತ?”

“ಈಗ ಹೇಳಲ್ಲ.”

“ಲೊರೇನ್!”

“ಮುಂದಿನ ತಿಂಗಳು ಇಪ್ಪತ್ತಮೂರನೇ ತಾರೀಖು ಷೆಬಾಯ್ಗನ್‌ನಲ್ಲಿ ಇನ್ನೊಂದು ಶೋ ಇದೆ. ಬೇಕಾದ್ರೆ ಬಾ.”

ಮುಂದಿನ ನಾಲ್ಕು ವಾರ ಅವನು ನನ್ನ ಪ್ರಾಣ ತಿಂದ. ಮೀಟರ್ ಗುಂಡಿಯಲ್ಲಿ ಬಗ್ಗಿದಾಗಲೂ ಮೇಲಿಂದ, “ಒಂದು ಸಾಲು ಹೇಳೋ ಗ್ಲೆನ್, ಒಂದೇ ಒಂದು” ಎಂಬ ಗೋಗರೆತ. ನಾನು ಹೇಳಲಿಲ್ಲ. ಇಷ್ಟು ವರ್ಷ ನನ್ನನ್ನು ಅರ್ಧ ಪಂದ್ಯದಲ್ಲಿ ಎಬ್ಬಿಸಿಕೊಂಡು ಹೋದವನ ಮೇಲೆ ಸಿಕ್ಕ ಇಂಥ ಸುಖವನ್ನು ಯಾರು ಬಿಡುತ್ತಾರೆ? ಸಮಾಧಾನಕ್ಕೆಂದು ಅವನೇ ನಡುವೆ ಎರಡು ಬೇರೆ ಶೋಗಳಿಗೆ ನನ್ನನ್ನು ಎಳೆದುಕೊಂಡು ಹೋದ. ಒಂದರಲ್ಲಿ ಐವರು ಹುಡುಗಿಯರು ಕಹಳೆ ಊದಿದರು, ಇನ್ನೊಂದರಲ್ಲಿ ಒಬ್ಬ ಮುದುಕ ಒಂದೇ ಹಾಡನ್ನು ನಲವತ್ತು ನಿಮಿಷ ಹಾಡಿದ. ಎರಡಕ್ಕೂ ವೆಂಡೆಲ್ ಕೊನೆಯವರೆಗೆ ಬಾಯಿ ತೆರೆದು ನಿಂತಿದ್ದ. ಸತ್ತ ಸಂಗೀತದ ವಿಷಯ ಎತ್ತಿದಾಗ, ತೊಂಬತ್ತಮೂರರಲ್ಲಿ ತಾನು ಸರಿಯಾಗಿ ನಾಡಿ ನೋಡಿರಲಿಲ್ಲ ಎಂದ.

ಇಪ್ಪತ್ತಮೂರಕ್ಕೆ ಷೆಬಾಯ್ಗನ್‌ನ ಬಾರಿಗೆ ನಾವು ಬಾಗಿಲು ತೆರೆಯುವುದಕ್ಕೂ ಒಂದು ಗಂಟೆ ಮುಂಚೆ ತಲುಪಿದೆವು. ಕಾರು ದೂರದ ಬೀದಿಯಲ್ಲಿ, ಹಿಮದ ಗುಡ್ಡೆಯ ಹಿಂದೆ ನಿಂತಿತ್ತು. ಬೇಗ ಹೊರಬರುವುದು ಅಸಾಧ್ಯ ಎಂಬಂಥ ಜಾಗವನ್ನು ಅವನೇ ಹುಡುಕಿ ನಿಲ್ಲಿಸಿದ್ದ. ಲೊರೇನ್ ಈ ಸಲ ಆ ಹಾಡನ್ನು ಮೊದಲೇ ಶುರು ಮಾಡಿದಳು. ವೆಂಡೆಲ್ ಉಸಿರು ಬಿಗಿಹಿಡಿದು ಕೇಳಿದ.

ಮೊದಲ ಚರಣದಲ್ಲಿ ಇರುವುದು ಇಷ್ಟೇ. ಎಂಬತ್ತಾರರ ಮಾರ್ಚ್, ಮಳೆಯ ಸಂಜೆ, ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಬ್ಯಾಂಡು. ಬ್ಯಾಂಡು ಮುಗಿಸಿ ಹೋಗಿ, ಎರಡು ಸಲ ವಾಪಸ್ ಬಂದು ಹಾಡಿತು. ಎಲ್ಲರೂ ಮನೆಗೆ ಹೋದರು. ಒಂದು ಕಾಲಿನಲ್ಲಿ ಬೂಟಿಲ್ಲದ ಒಬ್ಬ ಹುಡುಗ ಮಾತ್ರ ನಿಂತಿದ್ದ, ಪಕ್ಕದಲ್ಲಿ ಅವಳು ನಿಂತಿದ್ದಳು. ಪೊರಕೆಯವನು ಬಂದು ಇಬ್ಬರನ್ನೂ ಒಟ್ಟಿಗೆ ಗುಡಿಸಿ ಹೊರಗೆ ಹಾಕಿದ. ಆ ಹುಡುಗ ಈಗ ಎಲ್ಲಿ?

ಆ ದಿನ ನಾನಿರಲಿಲ್ಲ, ಜ್ವರ ಬಂದಿತ್ತು. ಆದ್ದರಿಂದ ಇದರ ನಿಜ ಸುಳ್ಳು ನನಗೆ ತಿಳಿಯದು. ವೆಂಡೆಲ್ ಕಡೆ ನೋಡಿದೆ. ಕಣ್ಣು ಒದ್ದೆಯಾಗಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು. ಹಾಡು ಮುಗಿದ ಕೂಡಲೇ, ಚಪ್ಪಾಳೆಯ ಮಧ್ಯೆ, ಎರಡೂ ಕೈಯನ್ನು ಬಾಯಿಗೆ ಕಹಳೆ ಮಾಡಿ ವೇದಿಕೆಯತ್ತ ಕೂಗಿದ:

“ಲೊರೇನ್! ಎರಡಲ್ಲ ಕಣೇ, ಮೂರು ಸಲ ಬಂದ್ರು! ಕೊನೆ ತನಕ ಇದ್ದೋನು ನಾನು, ನನಗೆ ಗೊತ್ತಿಲ್ವಾ?”